ಮಗಳಿಗೊಂದು ಪತ್ರ: ಆಫೀಸಿನ ಹಬ್ಬ, ರಜೆ ಲಿಸ್ಟು, ಮತ್ತೆ ನಿನ್ನ ಅಗ್ರಿಮೆಂಟು

ಪುಟ್ಟಿ,

ಬರೀ ಫೋಟೋ ಕಳಿಸ್ತೀಯ, ಕಥೆ ಹೇಳಲ್ಲ ಅಂತ ಬೈದೆಯಲ್ಲ, ತಗೋ, ದಸರಾದಿಂದ ಇಲ್ಲೀವರೆಗಿನ ಕಥೆ ಎಲ್ಲಾ ಒಟ್ಟಿಗೆ. ವಾಟ್ಸಾಪಲ್ಲಿ ಇಷ್ಟೆಲ್ಲಾ ಟೈಪ್ ಮಾಡಿದ್ರೆ ನೀನು ಅರ್ಧ ಓದಿ ಥಂಬ್ಸ್ ಅಪ್ ಒತ್ತಿ ಮುಗಿಸ್ತೀಯ, ಅದಕ್ಕೇ ಮೇಲ್. ಕೊನೇಲಿ ನಿಂಗೆ ಬಂದಿರೋ ಎರಡು ಡಿಸೈನರ್ ಕೆಲ್ಸದ ಆಫರ್ ಬಗ್ಗೇನೂ ಇದೆ, ಅಲ್ಲಿಗೇ ಹಾರ್ಬೇಡ.

ಆಯುಧ ಪೂಜೆ ಈ ಸಲ, 2025ರಲ್ಲಿ, ಅಕ್ಟೋಬರ್ 1 ಬುಧವಾರ ಬಿತ್ತಲ್ಲ, ಆಫೀಸಲ್ಲಿ ಹಿಂದಿನ ದಿನಾನೇ ಮಾಡಿದ್ವಿ. ನಮ್ದು ಸ್ಟಾಫಿಂಗ್ ಕಂಪ್ನಿ ಅಲ್ವಾ, ಜನ ಕೆಲ್ಸ ಮಾಡೋದು ಬೇರೆ ಕಂಪ್ನೀಲಿ, ಸಂಬಳ ಮಾತ್ರ ನಮ್ಮ ಪೇರೋಲಿಂದ. ಪ್ರತಿ ವರ್ಷ ನಮ್ಮ ರಿಕ್ರೂಟಿಂಗ್ ಟೀಮು, ಅಕೌಂಟ್ಸು, ರಿಸೆಪ್ಷನ್ ಅಕ್ಕ, ಇಷ್ಟೇ ಜನ, ಒಂದು ಬೂದುಗುಂಬಳ ಒಡೆದು ಕಡ್ಲೆಪುರಿ ಹಂಚಿ ಮನೆಗೆ ಹೋಗೋದು. ಈ ವರ್ಷ ನಮ್ಮ ಮೇಡಂ ಒಂದು ಹೊಸ ವರಸೆ ತೆಗೆದ್ರು, ಕ್ಲೈಂಟ್ ಆಫೀಸುಗಳಲ್ಲಿ ನಮ್ಮ ಪೇರೋಲ್ ಮೇಲೆ ಕೆಲ್ಸ ಮಾಡೋ ಡಿಸೈನರ್‌ಗಳು, ಕಾಪಿ ರೈಟರ್‌ಗಳು, ವಿಡಿಯೋ ಎಡಿಟರ್‌ಗಳು ಎಲ್ರನ್ನೂ ಕರೀರಿ, ಅವ್ರದ್ದೂ ಇದೇ ಆಫೀಸಲ್ವಾ ಅಂತ. ನಾನು ಕುರ್ಚಿ ಎಲ್ಲಿವೆ ಮೇಡಂ ಅಂದೆ. ನಿಂತ್ಕೋತಾರೆ ಬಿಡಿ ಅಂದ್ರು.

ನಿಂಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ಈ ಕಾಂಟ್ರಾಕ್ಟ್ ಹುಡುಗ್ರ ಹಬ್ಬ ಒಂಥರಾ ಅತಂತ್ರ. ವೈಟ್‌ಫೀಲ್ಡಲ್ಲೋ ಮಾನ್ಯತಾದಲ್ಲೋ ದೊಡ್ಡ ಕಂಪ್ನಿ ಒಳ್ಗೆ ಕೂತಿರ್ತಾರೆ, ಅಲ್ಲಿ ಪರ್ಮನೆಂಟ್ ಜನಕ್ಕೆ ಹಬ್ಬದ ಬಾಕ್ಸ್ ಬರುತ್ತೆ, ಇವ್ರ ಐಡಿ ಕಾರ್ಡ್ ದಾರ ಬೇರೆ ಬಣ್ಣ ಇರುತ್ತೆ, ಆ ಬಣ್ಣ ನೋಡೇ ಬಾಕ್ಸ್ ಪಕ್ಕದ ಡೆಸ್ಕಿಗೆ ಹೋಗುತ್ತೆ. ಎಲ್ಲಾ ಕಡೆ ಹಂಗಲ್ಲ, ಒಳ್ಳೇ ಕ್ಲೈಂಟ್‌ಗಳೂ ಇದಾರೆ, ಆದ್ರೂ. ಇನ್ನು ನಮ್ಮ ಆಫೀಸೋ, ಅವ್ರಿಗೆ ಬರೀ ಟೈಮ್‌ಶೀಟ್ ಕೇಳೋ ಒಂದು ಮೇಲ್ ಐಡಿ. ಆ ಮೇಲ್ ಐಡಿ ನಿಮ್ಮಪ್ಪ.

ಬಂದ್ರು ನೋಡು! ಎಲೆಕ್ಟ್ರಾನಿಕ್ ಸಿಟಿ ಕಡೆಯವ್ರು ಹೊಸ ಹಳದಿ ಲೈನ್ ಮೆಟ್ರೋ ಹಿಡ್ಕೊಂಡು ಆರ್.ವಿ. ರೋಡಲ್ಲಿ ಇಳಿದು ನಡ್ಕೊಂಡೇ ಬಂದ್ರು (ಆಗಸ್ಟಲ್ಲಿ ಓಪನ್ ಆಯ್ತಲ್ಲ, ಬೊಮ್ಮಸಂದ್ರದವರೆಗೂ, ನೀನು ಬಂದಾಗ ಒಂದ್ಸಲ ಕೂರ್ಸ್ತೀನಿ, ಸಿಲ್ಕ್ ಬೋರ್ಡ್ ಜಾಮ್ ಮೇಲಿಂದ ನೋಡೋ ಖುಷೀನೇ ಬೇರೆ). ಪ್ರತಿ ತಿಂಗಳು 'ಸರ್ ರೀಇಂಬರ್ಸ್‌ಮೆಂಟ್ ಏನಾಯ್ತು' ಅಂತ ಖಾರವಾಗಿ ಮೇಲ್ ಹಾಕ್ತಾನಲ್ಲ ಒಬ್ಬ ಮೋಷನ್ ಡಿಸೈನರ್, ಯಾರೋ ಜಗಳಗಂಟ ಅಂದ್ಕೊಂಡಿದ್ದೆ, ನೋಡಿದ್ರೆ ಆರಡಿ ಎತ್ತರ, ಗಡ್ಡ, ಹುಬ್ಬಳ್ಳಿ ಹುಡುಗ, ಮಾತು ಮಾತ್ರ ಪಿಸುಪಿಸು, ನನ್ ಕಾಲಿಗೆ ಬೇರೆ ಬಿದ್ದ.

ಎಲ್ರೂ ಅವರವರ ಆಯುಧ ತಂದಿದ್ರು. ಲ್ಯಾಪ್‌ಟಾಪ್, ಪೆನ್ ಟ್ಯಾಬ್ಲೆಟ್, ಕ್ಯಾಮೆರಾ, ಒಬ್ಬಳು ಬರೀ ಒಂದು ಹಾರ್ಡ್ ಡಿಸ್ಕ್ ತಂದು ನನ್ ಜೀವನ ಇದರಲ್ಲೇ ಇದೆ ಸರ್, ಇದಕ್ಕೆ ಎರಡು ಹೂವು ಜಾಸ್ತಿ ಇಡಿ ಅಂದ್ಲು. ಪೂಜೆ ಮಾಡೋಕೆ ಬಂದ ಭಟ್ರು ಡಿಸ್‌ಪ್ಲೇ ಟ್ಯಾಬ್ಲೆಟ್ ಮೇಲೆ ನೇರವಾಗಿ ಕುಂಕುಮ ಹಚ್ಚೋಕೆ ಹೋದ್ರು, ಮೂರು ಜನ ಒಟ್ಟಿಗೆ ಕಿರುಚಿದ್ರು, ಕೊನೆಗೆ ಅದರ ಡಬ್ಬಿಗೆ ಹಚ್ಚಿದ್ದಾಯ್ತು. ಹೂವು ಮಾತ್ರ ಕೇಳ್ಬೇಡ, ಬೆಳಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೆ, ಸೇವಂತಿಗೆ ರೇಟ್ ಕೇಳಿ ಮಾರು ಲೆಕ್ಕ ಬಿಟ್ಟು ಮೊಳದ ಲೆಕ್ಕಕ್ಕೆ ಇಳಿದೆ. ಕುಂಬಳಕಾಯಿ ರೋಡಲ್ಲಿ ಒಡೀಬೇಡಿ ಅಂತ ನಾನೇ ಹಟ ಹಿಡಿದು ಕಾಂಪೌಂಡ್ ಒಳ್ಗೆ ಒಡೆಸಿದೆ, ಮಾರನೇ ದಿನ ಆ ಚೂರುಗಳ ಮೇಲೆ ಟೂ ವೀಲರ್ ಜಾರಿ ಎಷ್ಟು ಜನ ಬೀಳ್ತಾರೆ ಈ ಊರಲ್ಲಿ.

ರಾಜ್ಯೋತ್ಸವದ ಕಥೆ ನಿಂಗೆ ಇಷ್ಟ ಆಗುತ್ತೆ, ನಿಮ್ ಲೈನಿಂದೇ. ನವೆಂಬರ್ 1 ಶನಿವಾರ ಬಂದಿದ್ರಿಂದ ಶುಕ್ರವಾರಾನೇ ಬಾವುಟ ಏರ್ಸಿದ್ವಿ. ಪೋಸ್ಟರ್ ಮಾಡೋ ಕೆಲ್ಸ ಇಂದೋರಿಂದ ಬಂದಿರೋ ಹೊಸ ಹುಡುಗಿ ತಾನೇ ಕೇಳಿ ತಗೊಂಡ್ಲು, ಅರಿಶಿನ ಕುಂಕುಮದ ಬಣ್ಣ ಸೊಗಸಾಗಿ ಹಿಡಿದಿದ್ಲು, ಆದ್ರೆ 'ರಾಜ್ಯೋತ್ಸವ' ಅನ್ನೋದ್ರಲ್ಲಿ ಒತ್ತಕ್ಷರ ಎಲ್ಲಾ ಕಿತ್ಕೊಂಡು ಪಕ್ಕದಲ್ಲಿ ಸಾಲಾಗಿ ನಿಂತಿವೆ! ಯಾರೋ ಕೊಟ್ಟ ಹಳೇ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫೈಲಿಂದ ಇನ್ನೊಂದು ಸಾಲು ಪೇಸ್ಟ್ ಮಾಡಿದ್ಲು, ಅದು ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡ್ ಅಲ್ವಲ್ಲ, ಪೂರ್ತಿ ಚಿತ್ರಲಿಪಿ. ಅವಳಿಗೆ ಕನ್ನಡ ಓದೋಕೆ ಬರಲ್ಲ, ತಪ್ಪು ಅಂತ ಗೊತ್ತಾಗೋದಾದ್ರೂ ಹೆಂಗೆ ಪಾಪ. ಆಗ ಆ ಹುಬ್ಬಳ್ಳಿ ಹುಡುಗ ವಿಡಿಯೋ ಕಾಲ್‌ನಲ್ಲಿ ಕೂತು ಸಾಫ್ಟ್‌ವೇರಲ್ಲಿ ಅಕ್ಷರ ಜೋಡಿಸೋ ಸೆಟ್ಟಿಂಗು, ಪ್ಯಾರಾಗ್ರಾಫ್ ಕಂಪೋಸರ್, ಬದ್ಲಾಯ್ಸು, ವರ್ಲ್ಡ್ ರೆಡಿ ಅಂತಿರೋದನ್ನ ಹಾಕು, ಫಾಂಟ್ ಬಲೂ ತಮ್ಮ ತಗೋ ಅಂತ ಹೇಳ್ಕೊಟ್ಟ, ಟಕ್ಕಂತ ಒತ್ತುಗಳೆಲ್ಲಾ ಜಾಗಕ್ಕೆ ಬಂದು ಕೂತ್ವು. ನಂಗನ್ಸಿದ್ದು ಏನಂದ್ರೆ ಊರ್ ತುಂಬಾ ಬೋರ್ಡುಗಳಲ್ಲಿ ಶೇಕಡಾ 60 ಕನ್ನಡ ಇರ್ಬೇಕು ಅಂತ ಕಾನೂನು ಮಾಡಿದಾರೆ, ಸರಿ, ಆ 60ನ್ನ ಸರಿಯಾಗಿ ಕೂರ್ಸೋ ಡಿಸೈನರ್ ಬೇಕಲ್ಲ. ನಮ್ಮ ಮೇಡಂ ಇದನ್ನ ಹಿಡ್ಕೊಂಡು ಈಗ ಕ್ಲೈಂಟ್‌ಗಳಿಗೆ 'ಕನ್ನಡ ಟೈಪ್ ಗೊತ್ತಿರೋ ಡಿಸೈನರ್ ಇದಾರೆ' ಅಂತ ಪಿಚ್ ಮಾಡ್ತಿದಾರೆ, ಭಾರಿ ಚಾಲಾಕಿ ಹೆಂಗಸು.

ಟೀಮ್ ಸುದ್ದಿ ಚುಟುಕಾಗಿ: ನಿಂಗೆ ಪೋರ್ಟ್‌ಫೋಲಿಯೋ ತಿದ್ದಿ ಕೊಟ್ಟಿದ್ರಲ್ಲ ಟ್ಯಾಲೆಂಟ್ ಮ್ಯಾನೇಜರ್ ಅಕ್ಕ, ಮುಂದಿನ ತಿಂಗಳಿಂದ ಮೆಟರ್ನಿಟಿ ಲೀವ್, 26 ವಾರ, ಅವ್ರ ಜಾಗಕ್ಕೆ ನಾವೇ ಕಾಂಟ್ರಾಕ್ಟಲ್ಲಿ ಒಬ್ರನ್ನ ತಗೋಬೇಕು, ಸ್ಟಾಫಿಂಗ್ ಕಂಪ್ನಿಗೇ ಸ್ಟಾಫ್ ಸಿಗ್ತಿಲ್ಲ ಅಂತ ಎಲ್ರೂ ನಗ್ತಿದಾರೆ. ಒಬ್ಬ ರಿಕ್ರೂಟರ್ ಶಿರಸಿಯಲ್ಲಿ ಮದ್ವೆ ಆಗ್ತಿದಾನೆ. ಒಬ್ಬ ಯುಎಕ್ಸ್ (ಆ್ಯಪ್, ವೆಬ್‌ಸೈಟ್ ಬಳಸೋ ರೀತಿ ಡಿಸೈನ್ ಮಾಡೋ) ಹುಡುಗಿಯನ್ನ ಕ್ಲೈಂಟೇ ಪರ್ಮನೆಂಟ್ ಮಾಡ್ಕೊಂಡ್ರು, ಅದಕ್ಕೆ ನಮಗೆ ಕೊಡೋ ಕನ್ವರ್ಷನ್ ಫೀ ಬಂತು, ಅವಳು ಬಂದು ಸ್ವೀಟ್ ಕೊಟ್ಟು ಹೋದ್ಲು. ಕಾಪಿ ರೈಟರ್ ಬೇಕು ಅನ್ನೋ ರಿಕ್ವೈರ್‌ಮೆಂಟ್ ಮಾತ್ರ ಕಮ್ಮಿ ಆಗಿದೆ ಕಣೇ, ಬಂದ್ರೂ 'ಎಐ ಬರೆದಿದ್ದನ್ನ ತಿದ್ದೋರು ಬೇಕು' ಅಂತ ಬರುತ್ತೆ, ರೇಟೂ ಅದಕ್ಕೆ ತಕ್ಕ ಹಾಗೆ.

ಈಗ ಡಿಸೆಂಬರ್. ಆಫೀಸಲ್ಲಿ ನಕ್ಷತ್ರ ತೂಗಾಕಿದಾರೆ, ಪ್ಲಮ್ ಕೇಕ್ ಆರ್ಡರ್ ಆಗಿದೆ, ಆದ್ರೆ ನನ್ ಟೇಬಲ್ ಮೇಲೆ ಬೇರೆ ಹಬ್ಬ, ಮುಂದಿನ ವರ್ಷದ ರಜೆ ಲಿಸ್ಟು. ಕರ್ನಾಟಕದಲ್ಲಿ 1963ರ ಒಂದು ಕಾಯ್ದೆ ಇದೆ, ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಕೊಡ್ಲೇಬೇಕು, ಜೊತೆಗೆ ಇನ್ನೂ ಐದು ಹಬ್ಬದ ರಜೆ. 2025 ನಮಗೆ ಮೋಸ ಮಾಡ್ತು, ಜನವರಿ 26 ಭಾನುವಾರ, ಗಾಂಧಿ ಜಯಂತಿ ಮತ್ತೆ ವಿಜಯದಶಮಿ ಒಂದೇ ದಿನ, ರಾಜ್ಯೋತ್ಸವ ಶನಿವಾರ. 2026ರಲ್ಲಿ ಆಗಸ್ಟ್ 15 ಶನಿವಾರ, ನವೆಂಬರ್ 1 ಭಾನುವಾರ, ಈಗ್ಲೇ ಹುಡುಗ್ರು ಮುಖ ಊದಿಸ್ಕೊಂಡಿದಾರೆ.

ಅದಕ್ಕಿಂತ ದೊಡ್ಡ ತಲೆನೋವು ಶಟ್‌ಡೌನು. ಫಾರಿನ್ ಕ್ಲೈಂಟ್‌ಗಳು ಕ್ರಿಸ್‌ಮಸ್‌ಗೆ ಮುಂಚೆ ಬಾಗಿಲು ಹಾಕಿದ್ರೆ ಹೊಸ ವರ್ಷ ಆದ್ಮೇಲೇ ತೆಗೆಯೋದು. ಪರ್ಮನೆಂಟ್ ಜನಕ್ಕೆ ಅದು ರಜೆ. ನಮ್ಮ ಪೇರೋಲ್ ಮೇಲಿರೋರಿಗೆ ಸಂಬಳ ಹೋಗುತ್ತೆ, ನಮಗೆ ಬಿಲ್ಲಿಂಗ್ ಇಲ್ದಿದ್ರೂ. ಗಂಟೆ ಲೆಕ್ಕದಲ್ಲಿ ಇನ್‌ವಾಯ್ಸ್ ಹಾಕೋ ಫ್ರೀಲಾನ್ಸರ್‌ಗೆ? ಏನೂ ಇಲ್ಲ. ಅದೇ ಕೆಲ್ಸ, ಅದೇ ಕಂಪ್ನಿ, ಪಕ್ಕಪಕ್ಕದ ಡೆಸ್ಕು, ಡಿಸೆಂಬರ್ 25 ಮಾತ್ರ ಮೂರು ಜನಕ್ಕೆ ಮೂರು ತರ. ನೀನು ಆ ಎರಡನೇ ಆಫರ್‌ನಲ್ಲಿ ತಿಂಗಳಿಗೆ ಹದಿನೈದು ಸಾವಿರ ಜಾಸ್ತಿ ಇದೆ ಅಂತ ಕುಣಿದೆಯಲ್ಲ, ಅದಕ್ಕೇ ಇದನ್ನೆಲ್ಲಾ ಹೇಳಿದ್ದು.

ಮೊದಲನೇ ಆಫರ್ ಪೇರೋಲ್, ಒಂದು ವರ್ಷದ ಫಿಕ್ಸೆಡ್ ಟರ್ಮ್, ಅಂದ್ರೆ ಇಷ್ಟೇ ಅವಧಿ ಅಂತ ಮೊದ್ಲೇ ಬರ್ದಿರೋ ನೌಕರಿ. ಪಿಎಫ್ ಕಟ್ ಆಗುತ್ತೆ, ಕೈಗೆ ಕಮ್ಮಿ ಬರುತ್ತೆ, ಆದ್ರೆ ರಜೆಗೂ ಸಂಬಳ, ಮತ್ತೆ ನವೆಂಬರ್ 21ಕ್ಕೆ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದ್ವಲ್ಲ, ಅದರಲ್ಲಿ ಫಿಕ್ಸೆಡ್ ಟರ್ಮ್‌ನವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲ್ಸ ಬಿಡೋವಾಗ ಕಂಪ್ನಿ ಕೊಡೋ ದುಡ್ಡು), ಮುಂಚೆ ಐದು ವರ್ಷ ಕಾಯ್ಬೇಕಿತ್ತು. ಎರಡನೇದು ರಿಟೈನರ್, ಅಂದ್ರೆ ನೌಕರಿ ಅಲ್ಲ, ತಿಂಗಳ ಬಿಲ್ ಹಾಕಿ ದುಡ್ಡು ತಗೊಳ್ಳೋದು, ನೀನೇ ಒಂದು ಕಂಪ್ನಿ ಇದ್ದ ಹಾಗೆ. ಟಿಡಿಎಸ್ ಅಂತ ಮುಂಚೇನೇ ತೆರಿಗೆ ಶೇಕಡಾ 10 ಹಿಡಿದು ಕೊಡ್ತಾರೆ, ಜಾಸ್ತಿ ಹಿಡಿದಿದ್ರೆ ರಿಟರ್ನ್ ಹಾಕಿ ವಾಪಸ್ ತಗೋಬೇಕು, ಕಾಯಿಲೆ ಬಿದ್ರೂ ಹಬ್ಬ ಬಂದ್ರೂ ನಿನ್ ಖರ್ಚು. ದುಡ್ಡು ಬರೋದೂ ಲೇಟು. ಸಣ್ಣ ಉದ್ಯಮಗಳಿಗೆ 45 ದಿನದೊಳ್ಗೆ ಕೊಡ್ಬೇಕು ಅಂತ 2006ರ ಕಾಯ್ದೇಲೇ ಇದೆ, ಆದ್ರೂ ಫಾಲೋ ಅಪ್ ಮಾಡಿ ಮಾಡಿ ನನ್ ಗಂಟ್ಲು ಒಣಗೋದು ನೀನೇ ನೋಡಿದೀಯಲ್ಲ, ನಾನಾದ್ರೂ ಆಫೀಸ್ ಹೆಸ್ರು ಹೇಳಿ ಜೋರ್ ಮಾಡ್ತೀನಿ, ನೀನು ಒಬ್ಬಳೇ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸ್ರು ಬರ್ಸೋ ಉದ್ಯಮ್ ರಿಜಿಸ್ಟ್ರೇಷನ್ ಫ್ರೀ, ರಿಟೈನರ್‌ಗೆ ಹೋಗೋದಾದ್ರೆ ಫಸ್ಟ್ ಅದನ್ನ ಮಾಡ್ಸು.

ರಿಟೈನರ್ ಬೇಡ ಅಂತಿಲ್ಲ. ನಮ್ಮಲ್ಲೇ ಇಬ್ರು ಇಲಸ್ಟ್ರೇಟರ್‌ಗಳು ಪೇರೋಲ್ ಬೇಡ ಅಂತ ಬಿಟ್ಟು ಹೋಗಿ ಆರಾಮಾಗಿದಾರೆ, ಅವ್ರಿಗೆ ನಾಲ್ಕೈದು ಕ್ಲೈಂಟ್ ಇದಾರೆ. ನಿಂಗಿನ್ನೂ ಒಬ್ರೇ. ಒಬ್ರೇ ಕ್ಲೈಂಟು, ದಿನಾ ಒಂಬತ್ತೂವರೆಗೆ ಲಾಗಿನ್, ರಜೆಗೆ ಪರ್ಮಿಷನ್ ಬೇಕು, ಆದ್ರೆ ಪೇಪರಲ್ಲಿ ಮಾತ್ರ 'ಕನ್ಸಲ್ಟೆಂಟ್' ಅಂದ್ರೆ ಅದು ಫ್ರೀಲಾನ್ಸ್ ಅಲ್ಲ ಪುಟ್ಟಿ, ಹಬ್ಬದ ಬಾಕ್ಸ್ ಇಲ್ಲದ ನೌಕರಿ. ಇದು ನನ್ ಅಭಿಪ್ರಾಯ, ನಿಮ್ಮಮ್ಮ ಒಪ್ಪಲ್ಲ, ಅವಳಿಗೆ ನೀನು ಸ್ವತಂತ್ರವಾಗಿರ್ಬೇಕು ಅಂತ.

ಇನ್ನೊಂದು, ಅಗ್ರಿಮೆಂಟಲ್ಲಿ ಕಾಪಿರೈಟ್ ಷರತ್ತು ಓದು. ನಮ್ ಕಾಯ್ದೆ ಪ್ರಕಾರ ಹಕ್ಕು ಬರ್ಕೊಡೋದು ಲಿಖಿತವಾಗಿರ್ಬೇಕು, ಎಷ್ಟು ವರ್ಷ ಅಂತ ಬರ್ದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ, ಎಲ್ಲೆಲ್ಲಿ ಅಂತ ಬರ್ದಿಲ್ಲ ಅಂದ್ರೆ ಭಾರತ ಮಾತ್ರ. ಅದಕ್ಕೇ ಅವ್ರು 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅಂತ ತುರುಕಿರ್ತಾರೆ. ಅದು ಮಾಮೂಲಿ, ಗಾಬರಿ ಬೇಡ, ಆದ್ರೆ ಆ ಕೆಲ್ಸ ನಿನ್ ಪೋರ್ಟ್‌ಫೋಲಿಯೋಲಿ ತೋರ್ಸ್ಬಹುದು ಅಂತ ಒಂದು ಸಾಲು ಸೇರ್ಸು ಅಂತ ಕೇಳು. ಸುಮಾರು ಜನ ಒಪ್ತಾರೆ, ಯಾರೂ ಕೇಳಲ್ಲ ಅಷ್ಟೇ. ಎರಡೂ ಪಿಡಿಎಫ್ ನಂಗೆ ಕಳ್ಸು, ಸೈನ್ ಮಾಡೋದು ಆಮೇಲೆ.

ಮತ್ತೆ, ಸೀಕ್ರೆಟ್ ಸಾಂಟಾ ಚೀಟಿ ಎತ್ತಿದ್ವಿ, ನಂಗೆ ಬಂದಿರೋದು ಆ ಇಂದೋರ್ ಹುಡುಗಿ ಹೆಸ್ರು. ಐನೂರು ರೂಪಾಯಿ ಲಿಮಿಟ್ಟು. ಮೇಣದ ಬತ್ತಿ, ಕಾಫಿ ಮಗ್ ಬಿಟ್ಟು ಡಿಸೈನರ್‌ಗೆ ಬೇಕಾಗೋದು ಏನಾದ್ರೂ ಹೇಳು, ಶನಿವಾರ ಗಾಂಧಿ ಬಜಾರ್ ಕಡೆ ಹೋಗ್ತಿದೀನಿ, ಅಷ್ಟ್ರೊಳ್ಗೆ ಬೇಕು.

ಅಪ್ಪ