ಕ್ಯೂ, ಎಕ್ಸ್, ಝಡ್ ಪದಗಳ ಬಗ್ಗೆ ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಆರು, ಏಳು ಮತ್ತು ಎಂಟನೇ ತರಗತಿಯ ಮಕ್ಕಳ ಪೋಷಕರಿಗೆ,

ನಮಸ್ಕಾರ.

ಕಳೆದ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರೊಬ್ಬರು ಮಗಳ ಇಂಗ್ಲಿಷ್ ನೋಟ್ ಪುಸ್ತಕವನ್ನು ತೆರೆದು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ಪಾಠದ ಪ್ರಶ್ನೋತ್ತರವಲ್ಲ, ಪುಟ್ಟ ಪುಟ್ಟ ಪದಗಳ ಒಂದು ಪಟ್ಟಿ. ಪ್ರತಿಯೊಂದರಲ್ಲೂ ಕ್ಯೂ, ಎಕ್ಸ್ ಅಥವಾ ಝಡ್ ಇದ್ದೇ ಇತ್ತು. "ಮೇಡಂ, ಇವೆಲ್ಲ ಪರೀಕ್ಷೆಗೆ ಬರುತ್ತವೆಯೇ?" ಎಂದು ಕೇಳಿದರು. ಬಹುಪಾಲು ಬರುವುದಿಲ್ಲ. ಆದರೂ ಕಲಿಸುತ್ತಿದ್ದೇವೆ. ಏಕೆಂದು ಎಲ್ಲರಿಗೂ ತಿಳಿಸಲು ಈ ಪತ್ರ.

ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಅವಧಿಗೆ ಮಕ್ಕಳು ಸ್ಕ್ರ್ಯಾಬಲ್ ಆಡುತ್ತಾರೆ. ಹದಿನೈದು ಮನೆ ಉದ್ದ, ಹದಿನೈದು ಮನೆ ಅಗಲದ ಹಲಗೆಯ ಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಆಟ ಇದು. ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದಾಗ ಇದನ್ನು ರೂಪಿಸಿದರು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಪತ್ರಿಕೆಗಳ ಪುಟಗಳಲ್ಲಿ ಎಣಿಸಿ, ಅದರ ಮೇಲೆ ಅಂಕ ನಿಗದಿ ಮಾಡಿದರು. ಎಲ್ಲೆಲ್ಲೂ ಸಿಗುವ 'ಇ' ಅಕ್ಷರಕ್ಕೆ 12 ಬಿಲ್ಲೆ, ತಲಾ ಒಂದೇ ಅಂಕ. ಕ್ಯೂ ಮತ್ತು ಝಡ್ ಒಂದೊಂದೇ ಬಿಲ್ಲೆ, ತಲಾ 10 ಅಂಕ. ಎಕ್ಸ್‌ಗೆ 8. ಈ ಮೂರರಲ್ಲಿ ಒಂದು ಕೈಗೆ ಬಂದರೆ ಮಕ್ಕಳಿಗೆ ಒಂದು ಕಡೆ ಆಸೆ, ಇನ್ನೊಂದು ಕಡೆ ಪೇಚಾಟ. ಆ ಪಟ್ಟಿ ಹುಟ್ಟಿದ್ದು ಹೀಗೆ.

ಕ್ಯೂ ಬಂದರೆ ಪಕ್ಕದಲ್ಲಿ ಯು ಇರಲೇಬೇಕು ಎಂದು ನಾವೆಲ್ಲ ಕಲಿತವರು. ಅದು ಹುಟ್ಟಿನಿಂದ ಬಂದ ನಿಯಮವಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಕ್ವೀನ್' ಪದವನ್ನು ಸಿ-ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಲಿಪಿಕಾರರು ಫ್ರೆಂಚ್ ರೂಢಿಯಂತೆ ಕ್ಯೂ-ಯು ತಂದರು. ಯು ಇಲ್ಲದ ಕ್ಯೂ ಪದಗಳಲ್ಲಿ ಹೆಚ್ಚಿನವು ಬೇರೆ ಭಾಷೆಗಳಿಂದ ಬಂದವು. ಕ್ಯೂ-ಐ ಎಂದು ಬರೆದು 'ಚೀ' ಎಂದು ಓದುವ ಪದ ಚೀನೀ ಭಾಷೆಯದು. ನಾವು ಪ್ರಾಣಶಕ್ತಿ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದು. 'ಸೂಕ್' ಎಂದರೆ ಅರಬ್ ನಾಡಿನ ಸಂತೆ. ಅದನ್ನು ಎಸ್-ಯು-ಕ್ಯೂ ಎಂದೂ ಬರೆಯುತ್ತಾರೆ. 'ಕಾಟ್' ಯೆಮನ್ ದೇಶದವರು ನಮ್ಮವರು ಎಲೆಯಡಿಕೆ ಹಾಕಿಕೊಳ್ಳುವ ಹಾಗೆ ದವಡೆಗೆ ಒತ್ತಿಕೊಂಡು ಜಗಿಯುವ ಎಲೆ. ಅದರಲ್ಲಿ ಅಮಲಿನ ಅಂಶವಿದೆ ಎಂಬುದನ್ನೂ ತರಗತಿಯಲ್ಲಿ ಹೇಳಿದ್ದೇವೆ. ಫಕೀರ್, ಬುರ್ಖಾ ಪದಗಳ ಇಂಗ್ಲಿಷ್ ಬರಹದಲ್ಲೂ ಕ್ಯೂ ಬರುತ್ತದೆ. ಇವುಗಳ ಅರ್ಥವನ್ನು ಉರ್ದು ಮಾತನಾಡುವ ಮನೆಯ ಮಕ್ಕಳೇ ಉಳಿದವರಿಗೆ ವಿವರಿಸಿದರು. ಇಂಗ್ಲಿಷ್ ಅವಧಿಯಲ್ಲಿ ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಇಬ್ಬರು ಅಂದು ಮುಂದೆ ನಿಂತು ಮಾತನಾಡಿದರು.

ಎಕ್ಸ್ ಪದಗಳು ಸುಲಭ. ಆಕ್ಸ್ ಎಂದರೆ ಎತ್ತು, ಫಾಕ್ಸ್ ಎಂದರೆ ನರಿ, ವ್ಯಾಕ್ಸ್ ಎಂದರೆ ಮೇಣ. ಬಹುವಚನದಲ್ಲಿ ಮಾತ್ರ ಎಡವುತ್ತಾರೆ. ಫಾಕ್ಸ್ 'ಫಾಕ್ಸಸ್' ಆಗುತ್ತದೆ, ಆಕ್ಸ್ 'ಆಕ್ಸನ್' ಆಗುತ್ತದೆ. ಚಿಲ್ಡ್ರನ್ ಪದದ ಕೊನೆಯಲ್ಲಿರುವ ಅದೇ ಹಳೆಯ ಬಾಲ ಇಲ್ಲೂ ಉಳಿದಿದೆ.

ಝಡ್‌ನಲ್ಲಿ ನಾನೂ ಕುಳಿತು ನೋಡಿದ ಒಂದು ಪದ 'ಆಡ್ಝ್'. ಎ-ಡಿ-ಝಡ್-ಇ, 14 ಅಂಕ. ಮಕ್ಕಳ ಕೈಯಲ್ಲಿದ್ದ ಒಂದು ಅಗ್ಗದ ಪದಕೋಶ ಇದಕ್ಕೂ ಕೊಡಲಿ ಎಂದೇ ಅರ್ಥ ಕೊಟ್ಟಿತ್ತು. ಬಡಗಿ ಕೆಲಸದವರ ಮನೆಯ ಹುಡುಗ ಒಪ್ಪಲಿಲ್ಲ. ಚಿತ್ರ ನೋಡಿ "ಇದು ನಮ್ಮಪ್ಪನ ಬಾಚಿ" ಎಂದ. ಮುಂದಿನ ಶನಿವಾರ ತಂದೆಯೇ ಬಾಚಿಯನ್ನು ಗೋಣಿಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಕೊಡಲಿಯ ಬಾಯಿ ಹಿಡಿಯ ನೇರಕ್ಕೇ ಇರುತ್ತದೆ, ಬಾಚಿಯ ಬಾಯಿ ಹಿಡಿಗೆ ಅಡ್ಡವಾಗಿರುತ್ತದೆ. ಕೊಡಲಿ ಕಡಿಯುತ್ತದೆ, ಬಾಚಿ ಮರದ ಮೈ ಕೆತ್ತಿ ಸಮ ಮಾಡುತ್ತದೆ. ಹಲಸಿನ ತುಂಡೊಂದನ್ನು ಅವರು ಕೆತ್ತಿ ತೋರಿಸಿದಾಗ ಹಳದಿ ಸಿಬಿರು ಮೊದಲ ಬೆಂಚಿನವರೆಗೂ ಹಾರಿತು. ಆ ಪದದ ಕಾಗುಣಿತವನ್ನು ಆಮೇಲೆ ಯಾರೂ ತಪ್ಪಿಲ್ಲ.

ಪಿಜ್ಜಾ ಪದದ ತಲೆ ಕತ್ತರಿಸಿ ಬಾಲ ಮಾತ್ರ ಉಳಿಸಿದ 'ಝಾ' ಕೂಡ ಆಟದಲ್ಲಿ ನಡೆಯುತ್ತದೆ. ಅಮೆರಿಕದ ಅಧಿಕೃತ ಪದಪಟ್ಟಿಗೆ ಅದು ಸೇರಿದ್ದು 2006ರಲ್ಲಿ. ಅದಕ್ಕೆ 11 ಅಂಕ. ನಮ್ಮ ರಾಗಿಯೂ ಇಂಗ್ಲಿಷ್ ನಿಘಂಟಿನಲ್ಲಿದೆ, ಆದರೆ ಅದಕ್ಕೆ 5 ಅಂಕವಷ್ಟೇ. ಇದು ಅನ್ಯಾಯವೆಂದು ಏಳನೇ ತರಗತಿಯವರು ವಾದಿಸುತ್ತಿದ್ದಾರೆ. ನನಗೂ ಹಾಗೆಯೇ ಅನ್ನಿಸುತ್ತದೆ.

ಉದ್ದುದ್ದ ಪದ ಉದುರಿಸಿದರೆ ಇಂಗ್ಲಿಷ್ ಬಂತು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಉದ್ದದ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. 'ಸೆಟ್' ಎಂಬ ಮೂರಕ್ಷರಕ್ಕೆ 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ನಾನೂರಕ್ಕೂ ಹೆಚ್ಚು ಅರ್ಥಗಳಿವೆ. ದೋಸೆಹಿಟ್ಟಿನ ಗ್ರೈಂಡರ್ ಸೆಟ್ ಮಾಡುವುದೂ ಸೂರ್ಯ ಮುಳುಗುವುದೂ ಅದೇ ಪದ. ಮಗು ಇಂಗ್ಲಿಷ್ ಓದುವಾಗ ತಡವರಿಸುವುದು ಇಂಥ ಚಿಕ್ಕ ಪದಗಳಲ್ಲೇ.

ಮನೆಯಲ್ಲಿ ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿಸಬೇಡಿ. "ಇದರ ಅರ್ಥವೇನು? ಎಲ್ಲಿ ಬಳಸುತ್ತಾರೆ?" ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲಾದರೂ ಹೇಳಲಿ, ತೆಲುಗಿನಲ್ಲಾದರೂ ಹೇಳಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಹೇಳಲೇಬೇಕಾಗುತ್ತದೆ. ಇದಕ್ಕಾಗಿ ಮೊಬೈಲ್ ಆ್ಯಪ್‌ಗೆ ಹಣ ಕಟ್ಟಬೇಡಿ, ಹೊಸ ನಿಘಂಟನ್ನೂ ಕೊಳ್ಳಬೇಡಿ. ಶಾಲೆಯಲ್ಲಿರುವುದು ಸಾಕು. ಕನ್ನಡ ಅವಧಿಯನ್ನು ಕಿತ್ತು ಈ ಆಟಕ್ಕೆ ಕೊಟ್ಟಿದ್ದೇವೆ ಎಂಬ ಮಾತು ಕೇಳಿಬಂದಿದೆ. ಅದು ಸುಳ್ಳು. ವೇಳಾಪಟ್ಟಿ ಕಚೇರಿಯ ಗೋಡೆಯ ಮೇಲಿದೆ, ಯಾರು ಬೇಕಾದರೂ ನೋಡಬಹುದು.

ನಮ್ಮ ಬಿಲ್ಲೆಗಳನ್ನು ಮಕ್ಕಳೇ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದಾರೆ. ಇನ್ನೂ ಎರಡು ಗುಂಪಿಗೆ ಬೇಕು, ಒಂದು ಗುಂಪಿಗೆ ನೂರು ಬಿಲ್ಲೆ. ಮನೆಯಲ್ಲಿ ದಪ್ಪ ಕಾಗದದ ಪತ್ರಿಕೆಗಳಿದ್ದರೆ ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ. ಮೇಲೆ ನುಣುಪಾದ ಪ್ಲಾಸ್ಟಿಕ್ ಅಂಟಿಸಿದ್ದು ಬೇಡ, ಅದಕ್ಕೆ ಶಾಯಿ ಹತ್ತುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕಿ