ನಂಬಿಕೆಯ ಪರೀಕ್ಷೆಗೆ ಕಣ್ಣೀರು ಸಾಲದು

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳಲ್ಲಿ ನಮ್ಮ ಚರ್ಚುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ನಂಬಿಕೆಯಲ್ಲಿದ್ದೀರೋ ಇಲ್ಲವೋ, ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 13ನೇ ಅಧ್ಯಾಯದ ಮಾತಿದು. ಆದರೆ ಪರೀಕ್ಷೆ ಹೇಗೆಂದು ಹೇಳಿಕೊಡುವವರು ಕಡಿಮೆ. ಹಾಗಾಗಿ ವಿಶ್ವಾಸಿಗಳು ಕೈಗೆ ಸಿಕ್ಕ ಅಳತೆಯನ್ನೇ ಹಿಡಿಯುತ್ತಾರೆ. ಉಜ್ಜೀವನ ಕೂಟದಲ್ಲಿ ಅತ್ತೆನೇ? ರಕ್ಷಣೆ (ಪಾಪದಿಂದ ಬಿಡುಗಡೆ) ಹೊಂದಿದ ದಿನ ನೆನಪಿದೆಯೇ? ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಬಾಕಿಯಿಲ್ಲವಷ್ಟೇ?

ಭಾವನೆ ನಿದ್ದೆ, ಆರೋಗ್ಯ, ಸಂಗೀತದ ಜೊತೆ ಏರಿಳಿಯುತ್ತದೆ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಹೃದಯ ಬೆಚ್ಚಗಾಯಿತೆಂದು ಬರೆದಿಟ್ಟ, ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷರಾದ ಜಾನ್ ವೆಸ್ಲಿಯೇ, 1766ರಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ ತನಗೆ ದೇವರ ಮೇಲೆ ಪ್ರೀತಿಯಿಲ್ಲ, ಎಂದೂ ಇರಲಿಲ್ಲ ಎಂದು ತೋಡಿಕೊಂಡರು. ಆದರೂ ಊರೂರು ಸುತ್ತಿ ಬೋಧಿಸುವುದನ್ನು ಬಿಡಲಿಲ್ಲ. ಆ ಪತ್ರ ಬರೆದ ದಿನದ ಭಾವನೆಯನ್ನಷ್ಟೇ ತೂಗಿದ್ದರೆ ಅವರೂ ಅನುತ್ತೀರ್ಣರೇ.

ಯೋಹಾನನ ಮೊದಲನೆಯ ಪತ್ರ ಕೇಳುವ ಪ್ರಶ್ನೆಗಳು ಬೇರೆ. ದೇವರ ಆಜ್ಞೆಗಳಂತೆ ನಡೆಯುತ್ತೀಯಾ (2:3)? ಸಹೋದರನನ್ನು ಪ್ರೀತಿಸುತ್ತೀಯಾ (3:14)? ನರನಾಗಿ ಬಂದ ಕ್ರಿಸ್ತನನ್ನು ಒಪ್ಪುತ್ತೀಯಾ (4:2)? ಪಾಪವೇ ಇಲ್ಲವೆನ್ನುವವನು ತನ್ನನ್ನೇ ಮೋಸಪಡಿಸಿಕೊಳ್ಳುತ್ತಾನೆ ಎಂದು ಅದೇ ಪತ್ರ ಮೊದಲೇ ಹೇಳಿಬಿಟ್ಟಿದೆ (1:8). ಅಂದರೆ ಬಿದ್ದೆನೇ ಎಂಬುದಕ್ಕಿಂತ, ಬಿದ್ದ ಮೇಲೆ ಮುಚ್ಚಿಟ್ಟೆನೋ ಒಪ್ಪಿಕೊಂಡೆನೋ ಎಂಬುದನ್ನು ನೋಡಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಉತ್ತರವನ್ನು ತೇಲಿಸಿಬಿಡುವುದು. ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದರೆ ಯಾರನ್ನೂ ಹೆಸರಿಸಿದಂತಾಗಲಿಲ್ಲ. ಒಂದು ಹಾಳೆ ತೆಗೆದುಕೊಂಡು ಮಾತು ಬಿಟ್ಟವರ ಹೆಸರು ಬರೆಯಿರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23–24) ಅವರ ವಿಷಯದಲ್ಲೇ. ಅದರ ಕೆಳಗೆ ಹಣದ ಲೆಕ್ಕ: ಮನೆಗೆಲಸದವರ ಸಂಬಳ ಯಾವ ತಾರೀಕಿಗೆ ಕೊಟ್ಟೆ, ತೀರಿಸದ ಸಾಲ ಯಾರದು, ಯಾರಿಗೆ ಮೋಸವಾಗಿದೆ. ‘ಈ ಹೊತ್ತೇ ಈ ಮನೆಗೆ ರಕ್ಷಣೆಯಾಯಿತು’ ಎಂದು ಯೇಸು ಹೇಳಿದ್ದು, ಸುಂಕ ವಸೂಲಿಗಾರ ಜಕ್ಕಾಯನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ ಮೇಲೆ. ಇನ್ನೊಂದು ಸಾಲು ಜಾತಿಯದು. ಚರ್ಚಿನ ಪ್ರಭುಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು, ಮಗಳ ಮದುವೆಗೆ ಮಾತ್ರ ಹಳೆಯ ಜಾತಿ ಹುಡುಕುವ ಕ್ರೈಸ್ತ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಈ ಸಾಲನ್ನು ಬಿಟ್ಟ ಪರೀಕ್ಷೆಯನ್ನು ನಾನು ಪರೀಕ್ಷೆ ಎನ್ನಲಾರೆ.

ಒಬ್ಬರೇ ಕೂತರೆ ಇದು ಅರ್ಧಕ್ಕೆ ನಿಲ್ಲುತ್ತದೆ, ಏಕೆಂದರೆ ನಮ್ಮ ಪರ ನಾವೇ ವಾದಿಸಿ ಗೆಲ್ಲುತ್ತೇವೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವೆಸ್ಲಿಯ ಅನುಯಾಯಿಗಳಾದ ಮೆಥಡಿಸ್ಟರು ಕಟ್ಟಡದ ಸಾಲ ತೀರಿಸಲು ಹನ್ನೆರಡು ಮಂದಿಗೊಬ್ಬ ಮುಖಂಡನನ್ನು ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತಿದರು. ಮನೆಮನೆಗೆ ಹೋದ ಮುಖಂಡರಿಗೆ ಕೆಲವರು ಬದುಕಬೇಕಾದಂತೆ ಬದುಕುತ್ತಿಲ್ಲವೆಂಬುದು ಕಣ್ಣಿಗೆ ಬಿತ್ತು. ಚಂದಾ ಎತ್ತುವ ಏರ್ಪಾಡೇ ವಾರದ ಆತ್ಮಪರೀಕ್ಷೆಯ ಕೂಟವಾಯಿತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಸೇರಿದವು; ಈ ಪದ್ಧತಿ ನಮಗೆ ಹೊರಗಿನದೇನಲ್ಲ. ಈಗ ನಾಲ್ಕೈದು ಮಂದಿ ಸಾಕು. ಗಂಡಸರು ಹೆಂಗಸರು ಬೇರೆಬೇರೆ ಕೂರಲಿ, ವಾರಕ್ಕೊಂದು ಗಂಟೆ. ಅಲ್ಲಿ ಆಡಿದ್ದು ಹೊರಗೆ ಹೋಗಕೂಡದು. ಪ್ರಾರ್ಥನಾ ವಿಷಯವೆಂಬ ನೆಪದಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ದಿನವೇ ಕೂಟ ಮುರಿಯುತ್ತದೆ.

ಕೆಲವರಿಗೆ ಇದು ಅತಿಯಾಗುತ್ತದೆ. ಅರಿಕೆಮಾಡಿದ ಪಾಪವನ್ನೇ ಮತ್ತೆ ಮತ್ತೆ ಅರಿಕೆಮಾಡುತ್ತಾರೆ, ಕ್ಷಮೆ ಸಿಕ್ಕಿತೆಂದು ಮನಸ್ಸು ಒಪ್ಪುವುದಿಲ್ಲ. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಸನ್ಯಾಸಿಯಾಗಿದ್ದಾಗ, ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಇಬ್ಬರೂ ಈ ಸಂಕಟ ಉಂಡವರು. ಅಂಥವರು ದಿನಕ್ಕೆ ಹದಿನೈದು ನಿಮಿಷ ಮೀರದಂತೆ ಕೂರಬೇಕು, ಒಬ್ಬರೇ ಹಿರಿಯರ ಮಾತು ಕೇಳಬೇಕು. ಊಟ, ನಿದ್ದೆ ಕೆಟ್ಟರೆ ಸಭಾಪಾಲಕರು ಇನ್ನಷ್ಟು ಉಪವಾಸ ಹೇಳದೆ ಮನೋವೈದ್ಯರ ಬಳಿ ಕಳುಹಿಸಲಿ.

– ಸಭೆಯ ಹಿರಿಯರೊಬ್ಬರು, ಮೈಸೂರು