ಭಾನುವಾರ ಹಳ್ಳದ ದಂಡೆಗೆ ಲಾವಂಚ

ಎಲ್ಲರಿಗೂ ನಮಸ್ಕಾರ. ಹಳ್ಳದ ದಂಡೆಯ ಮಣ್ಣು ಕೊಚ್ಚಿ ಹೋಗದಂತೆ ಲಾವಂಚದ ಹುಲ್ಲು ನೆಡಲು ಭಾನುವಾರ ಬೆಳಿಗ್ಗೆ 7ಕ್ಕೆ ಕಾಲುಸಂಕದ ಹತ್ತಿರ ಸೇರೋಣ. ಮಣ್ಣು ಹದವಾಗಿದೆ. ಇನ್ನು ತಡ ಮಾಡಿದರೆ ಹಳ್ಳ ತುಂಬಿ ದಂಡೆಗೆ ಇಳಿಯಲು ಆಗುವುದಿಲ್ಲ.

ಕಳೆದ ವರ್ಷ ಮೊಳಕ್ಕೊಂದು ಬುಡ ನೆಟ್ಟು ಪೆಟ್ಟು ತಿಂದೆವು, ನೆನಪಿದೆ ಅಲ್ವಾ? ಸಂದಿಯಲ್ಲೇ ನೀರು ನುಗ್ಗಿ ಮಣ್ಣು ಕೊಚ್ಚಿಕೊಂಡು ಹೋಯಿತು. ಈ ಸಲ ಬುಡದಿಂದ ಬುಡಕ್ಕೆ 15 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡು ಮೂರು ಕಡ್ಡಿ ಸೇರಿಸಿ ನೆಡಿ. ಸಾಲು ಇಳಿಜಾರಿಗೆ ಅಡ್ಡ ಇರಲಿ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಇಳಿಯುತ್ತದೆ, ಒಳ್ಳೆ ಮಣ್ಣಿದ್ದರೆ 3 ಮೀಟರ್‌ವರೆಗೂ. ಹಾಗಾಗಿ ಗೊಬ್ಬರವನ್ನೆಲ್ಲ ಅದೇ ಹೀರುತ್ತದೆ ಎಂದು ತೋಟದವರು ಹೆದರಬೇಕಿಲ್ಲ. ಗುಂಡ್ಲುಪೇಟೆ ಕಡೆ ರೈತರು ಹಿಂದಿನಿಂದಲೂ ಬದುವಿಗೆ ಇದನ್ನೇ ಹಾಕುತ್ತಿದ್ದರು.

ನೀರಿನ ಅಂಚಿನಲ್ಲಿರುವ ಲಕ್ಕಿ, ಮುಂಡುಗ ಕಡಿಯಬೇಡಿ. ಕಳೆ ಅಲ್ಲ ಅವು, ದಂಡೆಯ ಮಣ್ಣು ಹಿಡಿಯುವ ಗಿಡಗಳು! ಮೇಲಿನ ಸಾಲಿಗೆ ಹೊಂಗೆ, ಹೊಳೆಮತ್ತಿ ಸಸಿ ನಾನು ತರುತ್ತೇನೆ.

ಹಾರೆ, ಕತ್ತಿ ನಿಮ್ಮದೇ ತನ್ನಿ. ಬೇರು ಒಣಗದಂತೆ ಮುಚ್ಚಲು ಹಳೇ ಗೋಣಿಚೀಲ ಇದ್ದರೆ ಅದೂ ಬರಲಿ. ಅವಲಕ್ಕಿ, ಚಹಾ ನಮ್ಮ ಮನೆಯಿಂದ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿ. ಸುಮ್ನೆ ಹೆಬ್ಬೆರಳು ಒತ್ತಿ ಮನೆಯಲ್ಲೇ ಕೂರಬೇಡಿ.